ಕೊಟ್ಟವರ ಗುರುತು

ಸುಮಾರು ಐದು ನೂರು ವರ್ಷಗಳ ಹಿಂದಿನ ಯುರೋಪಿನ ಚರ್ಚುಗಳಲ್ಲಿ ಬಣ್ಣದ ಗಾಜಿನ ಕಿಟಕಿಗಳಿವೆ. ಸಂತ ಎತ್ತರಕ್ಕೆ ನಿಂತಿರುತ್ತಾನೆ. ಪಕ್ಕದಲ್ಲಿ ಮಂಡಿಯೂರಿ ಕೈಮುಗಿದವನು ಕಿಟಕಿಗೆ ಹಣ ಕೊಟ್ಟ ದಾನಿ.

ನಮ್ಮ ಗದಗ ಸೀಮೆಯಲ್ಲಿ ದಾನಿಯ ಗುರುತು ಉಳಿಸುವ ಈ ಕೆಲಸ ಮಾಡಿದ್ದು ಕಲ್ಲು. ಶಾಸನಗಳ ನೆತ್ತಿಯನ್ನು ನೋಡಿ: ನಡುವೆ ಲಿಂಗ, ಪೂಜಿಸುವ ಯತಿ, ಕರುವಿಗೆ ಹಾಲೂಡುವ ಆಕಳು, ಮೇಲೆ ಸೂರ್ಯ ಚಂದ್ರರು. ದಾನಿಯ ಮುಖ ಅಲ್ಲಿ ಬಹುಮಟ್ಟಿಗೆ ಕಾಣಿಸದು; ಹೆಸರು ಮಾತ್ರ ಕೆಳಗಿನ ಸಾಲುಗಳಲ್ಲಿ. ಕೋಟುಮಚಗಿಯ 1012ರ ಶಾಸನ ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ್ದು. ಪಾಠ ಹೇಳುವವರಿಗೆ ಭೂಮಿ ಬಿಟ್ಟ ಸಂಗತಿ ಅದರಲ್ಲಿದೆ. ಗುಡಿಯ ನಂದಾದೀಪಕ್ಕೆ ಕೊಟ್ಟ ದಾನಕ್ಕಿಂತ ಇದು ಒಂದು ತೂಕ ಹೆಚ್ಚೇ ಎಂಬುದು ನನ್ನ ನಂಬಿಕೆ. ಅದೇ ಕಾಲದಲ್ಲಿ, ಹತ್ತಿರದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು.

ನಿಮ್ಮೂರ ಗುಡಿಯ ಶಾಸನಕ್ಕೆ ದಯವಿಟ್ಟು ಸುಣ್ಣ, ಬಣ್ಣ ಬಳಿಯಬೇಡಿ; ಅಕ್ಷರಗಳು ಮುಚ್ಚಿಹೋಗುತ್ತವೆ. ಬಲ್ಲವರನ್ನು ಕರೆಸಿ, ಶಾಲೆಯ ಮಕ್ಕಳ ಮುಂದೆ ಒಮ್ಮೆ ಓದಿಸಿ.