ಮುಂಗಾಲಿ ಎತ್ತುವ ವಿದ್ಯೆ

ಹಿರಿಯರಿಗೆ ಗೊತ್ತಿಲ್ಲದ ವಿದ್ಯೆಗಳನ್ನು ಕಿರಿಯರು ಕಲಿಯುವುದು ಎಲ್ಲ ಕಾಲದಲ್ಲಿಯೂ ಇದ್ದದ್ದೇ. ಅಂತಹ ವಿದ್ಯೆಗಳಲ್ಲಿ ಒಂದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಓಡುತ್ತಿರುವ ಮೋಟಾರು ಸೈಕಲ್ಲಿನ ಮುಂದಿನ ಚಕ್ರವನ್ನು ನೆಲದಿಂದ ಮೇಲಕ್ಕೆತ್ತಿ, ಹಿಂದಿನ ಒಂದೇ ಚಕ್ರದ ಮೇಲೆ ಸಾಗುವ ವಿದ್ಯೆ ಅದು. ಇಂಗ್ಲಿಷಿನಲ್ಲಿ ಇದಕ್ಕೆ ವೀಲಿ ಎಂದು ಹೆಸರು. ನಮ್ಮ ಹುಡುಗರು ವೀಲಿಂಗ್ ಎನ್ನುತ್ತಾರೆ. ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಕನ್ನಡ ಪಂಡಿತನಾದ ನನಗೆ ಇದಕ್ಕೆ ನಮ್ಮದೇ ಆದ ಒಂದು ಹೆಸರು ಬೇಕೆನ್ನಿಸಿತು. ಕುದುರೆ ಬೆದರಿದಾಗ ಮುಂಗಾಲೆತ್ತಿ ನಿಲ್ಲುತ್ತದೆಯಷ್ಟೆ. ಅಲ್ಲಿ 'ಕಾಲು' ಎಂಬುದರ ಕಕಾರಕ್ಕೆ ಗಕಾರ ಬಂದು ಆದೇಶಸಂಧಿಯಾಗಿದೆ. ಮೋಟಾರು ಸೈಕಲ್ಲಿಗೆ ಕಾಲಿಲ್ಲ, ಗಾಲಿಯಿದೆ; ಆದೇಶಸಂಧಿಯ ಶ್ರಮವಿಲ್ಲದೆಯೇ 'ಮುಂಗಾಲಿ' ಎಂಬ ಮಾತು ಸಿದ್ಧವಾಯಿತು. ಆದಕಾರಣ ಇದನ್ನು ಮುಂಗಾಲಿ ಎತ್ತುವುದು ಎಂದೇ ಕರೆಯೋಣ.

ವಿಷಯ ಯಾವುದೆಂದು ತಿಳಿದೊಡನೆ ನಿಮ್ಮಲ್ಲಿ ಹಲವರ ಹುಬ್ಬು ಗಂಟಿಕ್ಕಿರಬಹುದು. ಅದಕ್ಕೆ ಕಾರಣವೂ ಉಂಟು. 2024ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರು-ತುಮಕೂರು ಹೆದ್ದಾರಿಯಲ್ಲಿ, ನೆಲಮಂಗಲದ ಬಳಿ, ಈ ಆಟವಾಡುತ್ತಿದ್ದ ಹುಡುಗರ ಮೇಲೆ ದಾರಿಹೋಕರು ರೇಗಿ ಅವರ ಎರಡು ಸ್ಕೂಟರುಗಳನ್ನು ಮೇಲುಸೇತುವೆಯಿಂದ ಕೆಳಕ್ಕೆ ಎಸೆದರು. 2025ರಲ್ಲಿ ಇಂತಹದೇ ಒಂದು ಮೊಕದ್ದಮೆಯಲ್ಲಿ ನಮ್ಮ ಉಚ್ಚ ನ್ಯಾಯಾಲಯವು ಜಾಮೀನನ್ನು ನಿರಾಕರಿಸಿ, ಈ ಹಾವಳಿಯನ್ನು ತಡೆಯಲು ಇನ್ನೂ ಬಿಗಿಯಾದ ಕಾನೂನು ಬೇಕೆಂದು ಹೇಳಿತು. ಜನ ರೋಸಿಹೋಗಿದ್ದಾರೆ. ಆದರೂ ಹುಡುಗರು ಬಿಟ್ಟಿಲ್ಲ. ಬೈದರೆ ಬಿಡುವರೆಂದು ತಿಳಿಯುವುದಾದರೆ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ ನನ್ನ ಅನುಭವ ಅದಕ್ಕೆ ವಿರುದ್ಧವಾಗಿದೆ. ಆದ್ದರಿಂದ ಬೈಯುವುದಕ್ಕೆ ಮೊದಲು ಇದೇನೆಂದು ತಿಳಿದುಕೊಳ್ಳೋಣ.

ನಾನು ಸವಾರನಲ್ಲ. ನನ್ನ ಹಳೆಯ ಶಿಷ್ಯನೊಬ್ಬ ಮಣ್ಣುಹಾದಿಯ ಮೋಟಾರು ಸೈಕಲ್ಲು ಸವಾರಿಯನ್ನು ಕಲಿಸುವ ಕೆಲಸದಲ್ಲಿದ್ದಾನೆ. ಅವನು ಕಲಿಸುವುದನ್ನು ಬೇಲಿಯ ಈಚೆ ನಿಂತು ನೋಡಿದ್ದೇನೆ. ಸಂದೇಹ ಬಂದಲ್ಲಿ ಕೇಳಿದ್ದೇನೆ. ಗುರುವಾಗಿದ್ದವನು ಶಿಷ್ಯನಾಗುವುದರಲ್ಲಿಯೂ ಒಂದು ಸುಖವಿದೆ.

ಮೊದಲನೆಯ ಪ್ರಶ್ನೆ: ಇದರಿಂದ ಏನು ಪ್ರಯೋಜನ? ಡಾಂಬರು ರಸ್ತೆಯ ಮೇಲೆ ಏನೂ ಪ್ರಯೋಜನವಿಲ್ಲ. ಕಾಡುಹಾದಿಯಲ್ಲಿ ಹಾಗಲ್ಲ. ಅಡ್ಡಬಿದ್ದ ಮರದ ದಿಮ್ಮಿ, ಹೂತುನಿಂತ ಬಂಡೆ, ಮಳೆಯ ನೀರು ಕೊರೆದ ಕೊರಕಲು, ಇವಕ್ಕೆ ಮುಂದಿನ ಚಕ್ರ ನೇರವಾಗಿ ಬಡಿದರೆ ಸವಾರ ಚಕ್ರದ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ಬಡಿಯುವ ಕ್ಷಣಕ್ಕೆ ಸರಿಯಾಗಿ ಚಕ್ರವನ್ನು ಒಂದು ಮೊಳ ಎತ್ತಬಲ್ಲವನು ದಾಟಿಹೋಗುತ್ತಾನೆ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕರ್ ರ್‍ಯಾಲಿಯೆಂಬ ಘೋರವಾದ ಮರುಭೂಮಿಯ ಸ್ಪರ್ಧೆಯನ್ನು ಪೂರೈಸಿದ ಮೊದಲ ಭಾರತೀಯರೆನಿಸಿದರು. ಅಂದು ಅವರಿಗೆ ಬಂದ ಸ್ಥಾನ 36ನೆಯದು. ಅದೇ ಊರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ಎಂಬ ಮಣ್ಣುಹಾದಿಯ ಪಂದ್ಯಗಳ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದರು. ಇಂತಹವರಿಗೆ ಚಕ್ರವನ್ನು ಹಗುರಮಾಡಿ ಎತ್ತುವುದು ಪ್ರದರ್ಶನವಲ್ಲ. ನಮಗೆ ಕೆಸರಿನಲ್ಲಿ ಪಂಚೆ ಎತ್ತಿಕಟ್ಟಿ ನಡೆಯುವುದು ಹೇಗೋ ಹಾಗೆ.

ಇನ್ನು ಚಕ್ರ ಏಳುವುದು ಹೇಗೆ? ಬಸ್ಸು ತಟಕ್ಕನೆ ಹೊರಟಾಗ ನಿಂತಿರುವವರು ಹಿಂದಕ್ಕೆ ವಾಲುತ್ತಾರೆ. ಮೋಟಾರು ಸೈಕಲ್ಲಿನಲ್ಲಿಯೂ ಹಾಗೆಯೇ: ಹಿಂದಿನ ಚಕ್ರ ನೆಲವನ್ನು ತುಳಿದು ರಭಸದಿಂದ ಮುಂದಕ್ಕೆ ನೂಕಿದಾಗ ಮೇಲಿನ ಭಾರ ಹಿಂದೆ ಉಳಿಯಲು ನೋಡುತ್ತದೆ, ಮೂತಿ ಮೇಲೇಳುತ್ತದೆ. ಎದ್ದಮೇಲೆ ನಿಲ್ಲುವುದು ಹೇಗೆ? ಚಿಕ್ಕಂದಿನಲ್ಲಿ ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿ ನೀವು ಆಡಿರಬಹುದು. ಕೋಲು ಮುಂದಕ್ಕೆ ವಾಲಿದರೆ ಕೈಯನ್ನು ಮುಂದಕ್ಕೆ ಒಯ್ಯುತ್ತೀರಿ. ಹಿಂದಕ್ಕೆ ವಾಲಿದರೆ ಹಿಂದಕ್ಕೆ ತರುತ್ತೀರಿ. ಇಲ್ಲಿ ಹಿಂದಿನ ಚಕ್ರವೇ ಅಂಗೈ. ಗಾಡಿಯ ಮೂತಿ ಕೆಳಗಿಳಿಯತೊಡಗಿದರೆ ಎಂಜಿನ್ನಿಗೆ ತುಸು ವೇಗ ಕೊಡಬೇಕು. ಗಾಡಿ ಹಿಂದಕ್ಕೆ ಮಗುಚತೊಡಗಿದರೆ ಹಿಂದಿನ ಬ್ರೇಕನ್ನು ತುಸು ಒತ್ತಬೇಕು. ಸವಾರನ ಮತ್ತು ಗಾಡಿಯ ಒಟ್ಟು ಭಾರ ಹಿಂದಿನ ಚಕ್ರ ನೆಲ ಮುಟ್ಟುವ ಜಾಗಕ್ಕೆ ಸರಿಯಾಗಿ ಮೇಲೆ ಬಂದ ಸ್ಥಿತಿಗೆ ಸಮತೋಲದ ಬಿಂದು ಎನ್ನುತ್ತಾರೆ. ಅಲ್ಲಿ ವೇಗವನ್ನು ಹೆಚ್ಚಿಸದೆಯೇ ಸಾಗಬಹುದು. ಅದಕ್ಕಿಂತ ಕೆಳಗಿರುವವನು ಚಕ್ರವನ್ನು ಮೇಲೆಯೇ ಇರಿಸಬೇಕಾದರೆ ವೇಗವನ್ನು ಹೆಚ್ಚಿಸುತ್ತಲೇ ಇರಬೇಕು. ಅದನ್ನು ದಾಟಿದವನಿಗೆ ಬ್ರೇಕಲ್ಲದೆ ಬೇರೆ ಗತಿಯಿಲ್ಲ.

ಕಲಿಯುವುದಕ್ಕೆ ಸಣ್ಣ ಗಾಡಿ ಮೇಲು. 1961ರಷ್ಟು ಹಿಂದೆಯೇ ಜಪಾನಿನ ಹೋಂಡಾ ಕಂಪೆನಿಯು ಟೋಕಿಯೋ ಸಮೀಪದ ತಾಮಾ ಟೆಕ್ ಎಂಬ ವಿಹಾರಸ್ಥಳದಲ್ಲಿ ಮಕ್ಕಳ ಸವಾರಿಗೆಂದು ಪುಟ್ಟ ಮೋಟಾರು ಸೈಕಲ್ಲನ್ನು ಇಟ್ಟಿತು. ಆ ವಂಶದಲ್ಲಿ ಬಂದವು ಎಷ್ಟೋ. ಮಣ್ಣುಹಾದಿಗೆಂದೇ ಮಾಡಿದ ಸಿಆರ್‌ಎಫ್ 110 ಎಫ್ ಎಂಬುದನ್ನು ತೆಗೆದುಕೊಳ್ಳಿ: 109 ಸಿ.ಸಿ. ಎಂಜಿನ್ನು, ಸುಮಾರು 77 ಕಿಲೋ ತೂಕ, ನೆಲದಿಂದ ಆಸನಕ್ಕೆ ಸುಮಾರು 66 ಸೆಂಟಿಮೀಟರು. ಗೇರು ನಾಲ್ಕುಂಟು, ಕೈಯಿಂದ ಹಿಡಿಯುವ ಕ್ಲಚ್ಚಿಲ್ಲ. ಆಸನ ತಗ್ಗಾದದ್ದರಿಂದ ಎರಡು ಕಾಲೂ ನೆಲಕ್ಕೆ ಮುಟ್ಟುತ್ತವೆ. ಬಿದ್ದರೂ ಬೀಳುವ ಎತ್ತರ ಕಡಮೆ. ಆದರೆ ಒಂದು ಎಚ್ಚರವಿರಲಿ. ಮಕ್ಕಳ ಗಾಡಿಯೆಂದು ದೊಡ್ಡವರು ಹಗುರವಾಗಿ ಕುಳಿತರೆ, ಗಾಡಿಗಿಂತ ಸವಾರನ ಭಾರವೇ ಹೆಚ್ಚಾಗಿ, ಗಿಡ್ಡ ಗಾಡಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹಿಂದಕ್ಕೆ ಮಗುಚುತ್ತದೆ.

ಈಗ ಪಾಠದ ಕ್ರಮ. ತಲೆಗೆ ಹೆಲ್ಮೆಟ್ಟು, ಕೈಗೆ ಗವಸು, ಮೊಣಕೈ ಮೊಣಕಾಲುಗಳಿಗೆ ಕವಚ, ಎದೆಬೆನ್ನುಗಳಿಗೆ ರಕ್ಷೆ, ಮೊಣಕಾಲಿನವರೆಗೆ ಬರುವ ಗಟ್ಟಿ ಬೂಟು, ಇವಿಲ್ಲದವನನ್ನು ನನ್ನ ಶಿಷ್ಯ ಕಣದೊಳಗೆ ಬಿಡುವುದೇ ಇಲ್ಲ. ಜಾಗ ಹುಲ್ಲಿನದೋ ಮೆತ್ತನೆಯ ಮಣ್ಣಿನದೋ ಆಗಿರಬೇಕು. ತುಸು ಏರಾಗಿದ್ದರೆ ಇನ್ನೂ ಒಳ್ಳೆಯದು, ಏರಿನಲ್ಲಿ ಚಕ್ರ ಸುಲಭವಾಗಿ ಏಳುತ್ತದೆ, ವೇಗ ಹೆಚ್ಚುವುದಿಲ್ಲ. ಗೇರು ಮೊದಲನೆಯದು, ನಡಿಗೆಗಿಂತ ಸ್ವಲ್ಪವೇ ಹೆಚ್ಚಿನ ವೇಗ. ಆಸನದ ಹಿಂಭಾಗಕ್ಕೆ ಸರಿದು ಕುಳಿತು, ವೇಗದ ಹಿಡಿಯನ್ನು ಒಮ್ಮೆ ಸಡಿಲಿಸಿದರೆ ಮುಂದಿನ ಸ್ಪ್ರಿಂಗು ಕುಗ್ಗುತ್ತದೆ. ಅದು ಮತ್ತೆ ಹಿಗ್ಗುವ ಹೊತ್ತಿಗೆ ಸರಿಯಾಗಿ ತೋಳುಗಳನ್ನು ನೀಡಿ, ಮೈಯನ್ನು ಹಿಂದಕ್ಕೆ ವಾಲಿಸಿ, ಹಿಡಿಯನ್ನು ತಿರುವಬೇಕು. ತೋಳುಬಲದಿಂದ ಜಗ್ಗಿ ಎತ್ತುವುದಲ್ಲ. ಮೈಯ ತೂಕವೂ ಎಂಜಿನ್ನೂ ಸ್ಪ್ರಿಂಗೂ ಒಂದೇ ತಾಳಕ್ಕೆ ಕೂಡಬೇಕು.

ಇಷ್ಟೇ ಆಗಿದ್ದರೆ ಒಂದು ಬೆಳಗಿನ ಕೆಲಸ. ಆದರೆ ನಾನು ನೋಡಿದ ಮೊದಲ ದಿನ ಶಿಷ್ಯ ಹುಡುಗರಿಗೆ ಕಲಿಸಿದ್ದು ಎತ್ತುವುದನ್ನಲ್ಲ. ಬಲಗಾಲಿನ ಮುಂಭಾಗ ಹಿಂದಿನ ಬ್ರೇಕಿನ ಮೇಲೆ ಸದಾ ಇರಬೇಕು. ಚಕ್ರ ಒಂದು ಗೇಣು ಎದ್ದೊಡನೆ ಬ್ರೇಕನ್ನು ಒತ್ತಬೇಕು. ಚಕ್ರ ಕೆಳಕ್ಕೆ ಬರಬೇಕು. ಮತ್ತೆ ಗೇಣು, ಮತ್ತೆ ಬ್ರೇಕು. ಗಾಡಿ ಚೆನ್ನಾಗಿ ಎದ್ದಾಗಲೂ ಬ್ರೇಕು, ಏಳದಿದ್ದಾಗಲೂ ಬ್ರೇಕು. ಹುಡುಗರು ಬೇಸರಪಟ್ಟರು. ಒಬ್ಬನಂತೂ, "ಸಾರ್, ಎತ್ತುವುದು ಯಾವಾಗ?" ಎಂದು ಕೇಳಿಯೇಬಿಟ್ಟ. "ನೀನು ಯೋಚಿಸದೆ ಇರುವಾಗಲೂ ನಿನ್ನ ಕಾಲು ಒತ್ತಿದ ದಿನ" ಎಂದು ಉತ್ತರ ಬಂತು.

ಇದಕ್ಕೆ ಕಾರಣವನ್ನು ಅವನು ನನಗೆ ಆಮೇಲೆ ವಿವರಿಸಿದ. ಗಾಡಿ ಹಿಂದಕ್ಕೆ ಮಗುಚುವಂತಾದಾಗ ಮನುಷ್ಯನಿಗೆ ಭಯವಾಗುತ್ತದೆ. ಭಯವಾದಾಗ ಕೈ ಹಿಡಿದದ್ದನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಮೈ ಹಿಂದಕ್ಕೆ ಜಾರುತ್ತಿರುವಾಗ ಬಿಗಿಹಿಡಿದ ಬಲಗೈ ವೇಗದ ಹಿಡಿಯನ್ನು ತಾನಾಗಿಯೇ ಇನ್ನಷ್ಟು ತಿರುವಿಬಿಡುತ್ತದೆ. ವೇಗ ಹೆಚ್ಚಿ ಗಾಡಿ ಇನ್ನೂ ಮೇಲೇಳುತ್ತದೆ. ಅದರಿಂದ ಭಯ ಇಮ್ಮಡಿಯಾಗುತ್ತದೆ. ಹೀಗೆ ಕಾಪಾಡಬೇಕಾದ ಕೈಯೇ ಕೆಡಹುತ್ತದೆ. ಆ ಅರೆನಿಮಿಷದೊಳಗಣ ಅರೆಗಳಿಗೆಯಲ್ಲಿ ಕೈಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಮೊದಲೇ ಪಳಗಿದ ಕಾಲು ತನ್ನ ಕೆಲಸ ಮಾಡಿದರೆ ಮೂತಿ ಕೆಳಗಿಳಿಯುತ್ತದೆ. ಅದಕ್ಕೂ ಮೀರಿದರೆ ಗಾಡಿಯ ಮೋಹ ತೊರೆದು, ಹಿಡಿ ಬಿಟ್ಟು, ಹಿಂದಕ್ಕೆ ಎರಡು ಕಾಲ ಮೇಲೆ ಇಳಿದುನಿಲ್ಲುವುದನ್ನೂ ಅವನು ಕಲಿಸುತ್ತಾನೆ. ಮೆಲ್ಲನೆಯ ವೇಗದಲ್ಲಿ ಮಾತ್ರ ಅದು ಸಾಧ್ಯ. ನಮ್ಮ ಗರಡಿಮನೆಗಳಲ್ಲಿ ಉಸ್ತಾದರು ಮೊದಲು ಬೀಳುವುದನ್ನು ಕಲಿಸಿ ಆಮೇಲೆ ಕೆಡಹುವುದನ್ನು ಕಲಿಸುತ್ತಿದ್ದುದು ನನಗೆ ನೆನಪಾಯಿತು.

ಇಳಿಸುವುದು ವಶವಾದಮೇಲೆ ಎತ್ತರವನ್ನು ಅಂಗುಲ ಅಂಗುಲವಾಗಿ ಹೆಚ್ಚಿಸುತ್ತಾರೆ. ಅಕ್ಕಪಕ್ಕಕ್ಕೆ ವಾಲಿದರೆ ಮೊಣಕಾಲನ್ನು ತುಸು ಹೊರಚಾಚಿ ಸರಿಪಡಿಸುತ್ತಾರೆ. ಕೆಳಗಿಳಿಯುವಾಗ ಚಕ್ರ ನೇರವಾಗಿರಬೇಕು, ಸೊಟ್ಟಗೆ ಇಳಿದರೆ ಹಿಡಿ ಕೈಯಿಂದ ಕಿತ್ತುಹೋಗುತ್ತದೆ. ನೆಲ ಮುಟ್ಟುವ ಮುನ್ನ ತುಸುವೇ ವೇಗ ಕೊಟ್ಟರೆ ಮೆತ್ತಗೆ ಕೂರುತ್ತದೆ. ವಾರಗಟ್ಟಲೆ ಸಾಧನೆ ಬೇಕು. ಈ ಸಾಧನೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಎರಡು ಉದಾಹರಣೆಗಳಿವೆ. 1991ರ ಮೇ 5ರಂದು ಜಪಾನಿನ ಯಸುಯುಕಿ ಕುಡೋ ಎಂಬಾತ ಹೋಂಡಾ ಟಿಎಲ್‌ಎಂ 220 ಆರ್ ಎಂಬ, ಬಂಡೆ ಹತ್ತುವ ಸ್ಪರ್ಧೆಗಳಿಗೆಂದು ಮಾಡಿದ ಸಣ್ಣ ಮೋಟಾರು ಸೈಕಲ್ಲಿನ ಮೇಲೆ, ಮುಂಗಾಲಿಯನ್ನು ಇಳಿಸದೆ 331 ಕಿಲೋಮೀಟರು ಸಾಗಿದ. 2017ರಲ್ಲಿ ಅದೇ ದೇಶದ ಮಸಾರು ಅಬೆ 500 ಕಿಲೋಮೀಟರನ್ನೂ ದಾಟಿದ. ಬೆಂಗಳೂರಿನಿಂದ ಹುಬ್ಬಳ್ಳಿಯನ್ನು ದಾಟಿ ಮುಂದಕ್ಕೆ ಹೋದಷ್ಟು ದೂರ! ಗಮನಿಸಬೇಕಾದ ಸಂಗತಿ ಏನೆಂದರೆ, ಕುಡೋ ಸಾಗಿದ್ದು ಊರ ರಸ್ತೆಯಲ್ಲಲ್ಲ. ಮೋಟಾರು ವಾಹನಗಳನ್ನು ಪರೀಕ್ಷಿಸುವುದಕ್ಕೆಂದೇ ಕಟ್ಟಿದ, ಬೇರೆಯವರ ಓಡಾಟವಿಲ್ಲದ ಹಾದಿಯಲ್ಲಿ.

ಹಾಗಾದರೆ ರಸ್ತೆಯಲ್ಲಿ ಏಕೆ ಕೂಡದು? ಮುಂದಿನ ಚಕ್ರ ಗಾಳಿಯಲ್ಲಿದ್ದಾಗ ಅದರಿಂದ ಗಾಡಿಯನ್ನು ತಿರುಗಿಸಲಾಗದು. ಗಾಡಿಯನ್ನು ನಿಲ್ಲಿಸುವ ಶಕ್ತಿಯಲ್ಲಿ ಬಹುಪಾಲು ಮುಂದಿನ ಬ್ರೇಕಿನದು, ಅದೂ ಇಲ್ಲವಾಗುತ್ತದೆ. ಮೇಲೆದ್ದ ಚಕ್ರ ಎದುರಿನ ದಾರಿಯನ್ನೇ ಮರೆಮಾಡುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಆ ಒಂದು ಸೆಕೆಂಡಿನಲ್ಲಿ ಹಾಲು ತರಲು ಹೊರಟ ಮುದುಕಿಯೊಬ್ಬಳು ರಸ್ತೆಗಿಳಿದರೆ ಹುಡುಗನಿಗೆ ಅವಳು ಕಾಣುವುದಿಲ್ಲ. ಕಂಡರೂ ಮಾಡುವುದಕ್ಕೆ ಅವನ ಬಳಿ ಏನೂ ಉಳಿದಿಲ್ಲ.

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗನೊಬ್ಬ ನನ್ನ ಪಾಠಕ್ಕೆ ಬರುತ್ತಿದ್ದ. ಅವನಿಗೆ ಷಟ್ಪದಿಯ ಮಾತ್ರೆಗಳ ಲೆಕ್ಕ ತಪ್ಪುತ್ತಲೇ ಇರಲಿಲ್ಲ. ಊರ ಹೊರಗಿನ ರಸ್ತೆಯಲ್ಲಿ ಸ್ನೇಹಿತನ ಗಾಡಿಯ ಮುಂಗಾಲಿ ಎತ್ತಿ, ಇಳಿಸಲು ತಿಳಿಯದೆ ಬಿದ್ದ. ಬಲಗೈಯ ಮಣಿಕಟ್ಟು ಮುರಿಯಿತು. ಪರೀಕ್ಷೆಯಲ್ಲಿ ಅವನು ಹೇಳುತ್ತಿದ್ದ, ಇನ್ನೊಬ್ಬ ಬರೆಯುತ್ತಿದ್ದ. ಪ್ರಾಣ ಉಳಿಯಿತಲ್ಲ ಎಂದು ಅವನ ತಾಯಿ ನನ್ನೆದುರು ಕಣ್ಣೊರಸಿಕೊಂಡರು. ಎತ್ತುವುದನ್ನು ಅವನಿಗೆ ಕಲಿಸಿದವರು ಹತ್ತು ಮಂದಿ ಗೆಳೆಯರು. ಇಳಿಸುವುದನ್ನು ಕಲಿಸಿದವರು ಒಬ್ಬರೂ ಇರಲಿಲ್ಲ.

ಮನೆಯ ಯಜಮಾನರು ತಿಳಿದಿರಬೇಕಾದ ಇನ್ನೊಂದು ಮಾತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ, ಹದಿನೆಂಟು ತುಂಬದ ಹುಡುಗ ವಾಹನ ನಡೆಸಿ ಅಪರಾಧ ಮಾಡಿದರೆ, ತಮಗೆ ತಿಳಿಯದೆ ನಡೆಯಿತೆಂದು ರುಜುವಾತು ಮಾಡಿದ ಹೊರತು, ಪೋಷಕರಿಗೆ ಅಥವಾ ಗಾಡಿಯ ಒಡೆಯರಿಗೆ ಮೂರು ವರ್ಷದವರೆಗೆ ಸಜೆಯೂ 25,000 ರೂಪಾಯಿ ಜುಲ್ಮಾನೆಯೂ ಉಂಟು. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸು ಇಲ್ಲ. ಬೀಗದ ಕೈಯನ್ನು ಮೊಳೆಗೆ ತೂಗುಹಾಕುವ ಮುನ್ನ ಇದು ನೆನಪಿರಲಿ.

ಆದರೆ ಬೀಗದ ಕೈಯನ್ನು ಮುಚ್ಚಿಟ್ಟ ಮಾತ್ರಕ್ಕೆ ಆಸೆ ಹೋಗದು. ನಿಮ್ಮ ಮಗನಿಗೆ, ಇಲ್ಲವೆ ಮಗಳಿಗೆ, ಈ ವಿದ್ಯೆಯಲ್ಲಿ ನಿಜವಾದ ಒಲವಿದ್ದರೆ ಅದಕ್ಕೆ ಸ್ಥಳವುಂಟು, ಗುರುಗಳುಂಟು. ಹಿಂದೆ ಹೇಳಿದ ಸಂತೋಷ್ ಅವರೇ ಕೋಲಾರದ ಸೀಮೆಯಲ್ಲಿ ಮಣ್ಣುಹಾದಿಯ ಸವಾರಿಗೆಂದು ಒಂದು ಕಣವನ್ನು ಸ್ಥಾಪಿಸಿದರು. ಅಂತಹ ಕಡೆಗೆ ಒಂದು ಭಾನುವಾರ ನೀವೇ ಜೊತೆಗೆ ಹೋಗಿ ಬೇಲಿಯ ಬಳಿ ನಿಂತು ನೋಡಿ. ಕಲಿಸುವವನು ಮೊದಲು ಬ್ರೇಕನ್ನು ತೋರಿಸುತ್ತಾನೋ ಇಲ್ಲವೋ ಗಮನಿಸಿ. ತೋರಿಸದಿದ್ದರೆ ಮಗುವನ್ನು ಕರೆದುಕೊಂಡು ಮನೆಗೆ ಬನ್ನಿ. ತೋರಿಸಿದರೆ ಅಲ್ಲಿ ಬಿಡಿ. ಸಂಜೆ ಮೈಯೆಲ್ಲ ಮಣ್ಣಾಗಿ ಬಂದರೆ ಬೈಯಬೇಡಿ. ಮತ್ತು ಯಾವ ದಿನವಾದರೂ ಅವರು ನಿಮ್ಮ ಮುಂದೆ, "ಅಪ್ಪ, ಎತ್ತುವುದು ಬಂತು" ಎಂದು ಹೇಳಿದರೆ, "ಒಳ್ಳೆಯದು, ಇಳಿಸಿ ತೋರಿಸು" ಎನ್ನಿ.