ಹೇಳದೆ ಉಳಿದ ಮಾತು

ಚೆನ್ನೈನ ಕನ್ನೆಮರಾ ಗ್ರಂಥಾಲಯದಲ್ಲಿ ಕುಳಿತು, ನತ್ಸುಮೆ ಸೊಸೆಕಿ ಅವರ ‘ಕೊಕೊರೊ’ ಕಾದಂಬರಿಯನ್ನು ಅನುವಾದದಲ್ಲಿ ಓದಿದೆ. 1914ರಲ್ಲಿ ಬಂದ ಜಪಾನಿ ಕೃತಿ ಅದು.

ಗೆಳೆಯರಿಬ್ಬರು ಒಬ್ಬಳನ್ನೇ ಪ್ರೀತಿಸುತ್ತಾರೆ. ಒಬ್ಬ ಗುಟ್ಟಾಗಿ ಮದುವೆ ನಿಶ್ಚಯಿಸಿಕೊಳ್ಳುತ್ತಾನೆ. ಇನ್ನೊಬ್ಬ ಪ್ರಾಣ ಕಳೆದುಕೊಳ್ಳುತ್ತಾನೆ. ಉಳಿದವನು ಆ ನೋವನ್ನು ಹೆಂಡತಿಗೂ ಹೇಳದೆ ಬದುಕುತ್ತಾನೆ. ಕೊನೆಗೆ ಕಿರಿಯನೊಬ್ಬನಿಗೆ ದೀರ್ಘ ಪತ್ರದಲ್ಲಿ ಎಲ್ಲವನ್ನೂ ಬರೆಯುತ್ತಾನೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ.

ಆ ಪತ್ರ ಓದುವಾಗ ಕಣ್ಣು ತುಂಬಿತು. ಎಷ್ಟು ವರ್ಷಗಳ ಒಂಟಿತನ ಅದು! ಕ್ಷಮೆ ಕೇಳಲು ನಾವು ಒಳ್ಳೆಯ ಗಳಿಗೆಗಾಗಿ ಕಾಯುತ್ತೇವೆ. ಕಾದಷ್ಟೂ ಮಾತು ಭಾರವಾಗುತ್ತದೆ. ನಿಮ್ಮಲ್ಲೂ ಅಂಥ ಮಾತೊಂದು ಉಳಿದಿದ್ದರೆ, ಇವತ್ತೇ ಹೇಳಿಬಿಡಿ. ಕೇಳಬೇಕಾದವರು ನಮ್ಮ ಜೊತೆಗಿರುವಾಗಲೇ ಆ ಮಾತಿಗೆ ಬೆಲೆ.