ಮುಖ ನೋಡದ ಗೆಳೆಯನ ಹಕ್ಕು

(ಜುಮಾ ನಮಾಝಿನ ಬಳಿಕ ಮಾಡಿದ ಭಾಷಣದ ಬರಹ ರೂಪ)

 



ಮೂರು ವಾರಗಳ ಹಿಂದೆ ಇಶಾ ನಮಾಝ್ ಮುಗಿದು ಎಲ್ಲರೂ ಹೊರಟ ಮೇಲೂ ಒಬ್ಬ ಹುಡುಗ ಹಿಂದಿನ ಸಫ್ಫಿನಲ್ಲಿ ಕೂತೇ ಇದ್ದ. ಪಿಯುಸಿ ಎರಡನೇ ವರ್ಷದ ಹುಡುಗ. ನಾನು ಫ್ಯಾನ್ ಆಫ್ ಮಾಡುವವರೆಗೂ ಕಾದು, ಆಮೇಲೆ ಹತ್ತಿರ ಬಂದ.

"ಉಸ್ತಾದ್, ಒಂದು ಸಂಶಯ ಉಂಟು. ಒಬ್ಬನಿಗೆ ಅನ್ಯಾಯ ಮಾಡಿದ್ರೆ ಅವನ ಹತ್ರ ಮಾಫಿ ಕೇಳ್ಬೇಕಲ್ವಾ? ಆದ್ರೆ ನಾನು ಅವನ ಮುಖವೇ ನೋಡಿಲ್ಲ. ಅವನ ನಿಜವಾದ ಹೆಸರು ಗೊತ್ತಾದದ್ದೂ ಮೊನ್ನೆ."

ವಿಷಯ ಏನೆಂದು ಕೇಳಿದೆ. ಮೊಬೈಲ್ ಆಟದ ವಿಷಯ. ಹೇಳಲು ಅವನಿಗೆ ಸಂಕೋಚ. ಕಳೆದ ರಮಝಾನಿನಲ್ಲಿ ಇದೇ ಜಾಗದಲ್ಲಿ ನಿಂತು ನಾನು ಮೊಬೈಲ್ ಆಟಗಳ ವಿರುದ್ಧ ಅರ್ಧ ಗಂಟೆ ಮಾತನಾಡಿದ್ದೆ. ಅಂದು ಅವನೂ ಇಲ್ಲಿ ಕೂತಿದ್ದ. ನಾನು ಅಂದು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಆದರೆ ಆ ಆಟದ ಒಳಗೆ ಮನುಷ್ಯರಿದ್ದಾರೆ ಎಂಬುದು ನನ್ನ ತಲೆಗೇ ಬಂದಿರಲಿಲ್ಲ. ಅವನನ್ನು ಕೂರಿಸಿಕೊಂಡು, ಮೊದಲು ನನಗೆ ಆಟ ಅರ್ಥ ಮಾಡಿಸು ಎಂದೆ.

ಹಿರಿಯರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಮಕ್ಕಳು ದಯವಿಟ್ಟು ನಗಬೇಡಿ. ಅವನು ಆಡುವುದು ಕ್ಲ್ಯಾಶ್ ಆಫ್ ಕ್ಲಾನ್ಸ್. ಫಿನ್ಲೆಂಡಿನ ಕಂಪನಿಯೊಂದು 2012ರಲ್ಲಿ ಹೊರತಂದ ಆಟ. ಒಬ್ಬೊಬ್ಬನಿಗೂ ಒಂದೊಂದು ಊರು, ಕೋಟೆ, ಸೈನ್ಯ. ಇಂಥವರು ಸೇರಿ ಒಂದು ಕೂಟ ಕಟ್ಟುತ್ತಾರೆ. ಕೆಲವು ಆಟಗಳಲ್ಲಿ ಇದಕ್ಕೆ ಗಿಲ್ಡ್ ಎನ್ನುತ್ತಾರೆ, ಇದರಲ್ಲಿ ಕ್ಲಾನ್. ಐವತ್ತು ಜನರವರೆಗೆ ಸೇರಬಹುದು. ಒಬ್ಬ ಲೀಡರ್, ಅವನ ಕೆಳಗೆ ಕೋ-ಲೀಡರ್‌ಗಳು, ಎಲ್ಡರ್‌ಗಳು, ಉಳಿದವರು ಸದಸ್ಯರು. ಒಬ್ಬನಿಗೆ ಸೈನಿಕರು ಬೇಕಾದರೆ ಕೇಳುತ್ತಾನೆ, ಉಳಿದವರು ತಮ್ಮಲ್ಲಿರುವುದನ್ನು ಕೊಡುತ್ತಾರೆ. ಇನ್ನೊಂದು ಕ್ಲಾನಿನೊಂದಿಗೆ ಯುದ್ಧ ಶುರುವಾದರೆ ಪ್ರತಿಯೊಬ್ಬನಿಗೂ ಎರಡು ದಾಳಿಯ ಅವಕಾಶ. ಒಬ್ಬನು ಬಾರದಿದ್ದರೆ ಇಡೀ ಕೂಟಕ್ಕೆ ಪೆಟ್ಟು. ನಮ್ಮ ಜಮಾಅತ್ ಕಮಿಟಿಯ ರಚನೆಯೂ ಹೆಚ್ಚು ಕಡಿಮೆ ಹೀಗೆಯೇ ಇದೆ ಎಂದು ನನಗೆ ಅನಿಸಿತು, ಗೈರುಹಾಜರಿ ಸಹಿತ.

ಈ ಹುಡುಗ ಕೋ-ಲೀಡರ್. ಅವರ ಕ್ಲಾನಿನಲ್ಲಿ ಮೂವತ್ತನಾಲ್ಕು ಜನ ಇದ್ದರು. ಅದರಲ್ಲಿ ದಾವಣಗೆರೆ ಕಡೆಯ ಒಬ್ಬ ಹುಡುಗ, ನಮ್ಮ ಸಮುದಾಯದವನಲ್ಲ. ಎರಡು ವರ್ಷ ಒಂದು ಯುದ್ಧವನ್ನೂ ತಪ್ಪಿಸಿದವನಲ್ಲ. ಹೊಸಬರು ಸೈನಿಕರನ್ನು ಕೇಳಿದರೆ ಮೊದಲು ಕೊಡುತ್ತಿದ್ದವನೂ ಅವನೇ. ಅವನು ಒಂದು ಯುದ್ಧದಲ್ಲಿ ಎರಡೂ ದಾಳಿ ಮಾಡಲಿಲ್ಲ, ಮುಂದಿನದಕ್ಕೂ ಬರಲಿಲ್ಲ. ಕ್ಲಾನ್ ಎರಡನ್ನೂ ಸೋತಿತು. ಚಾಟ್‌ನಲ್ಲಿ ಒಬ್ಬ ಅವನಿಗೆ ಅಡ್ಡಹೆಸರು ಇಟ್ಟ, ಇನ್ನೊಬ್ಬ ಅವನು ಎದುರಾಳಿಗಳ ಕಡೆ ಸೇರಿದ್ದಾನೆ ಎಂದ, ಮೂರನೆಯವನು ಹೌದು ಎಂದ. ನಮ್ಮ ಹುಡುಗ ಗುಂಡಿ ಒತ್ತಿ ಅವನನ್ನು ಹೊರಗೆ ಹಾಕಿದ. ಒಂದು ಸೆಕೆಂಡಿನ ಕೆಲಸ.

ಹನ್ನೆರಡು ದಿನಗಳ ಬಳಿಕ ಅದೇ ಊರಿನ ಇನ್ನೊಬ್ಬ ಸದಸ್ಯನಿಂದ ಗೊತ್ತಾಯಿತು: ಅವನ ತಂದೆಗೆ ಪಾರ್ಶ್ವವಾಯು ಬಡಿದಿತ್ತು. ಅವನು ಆಸ್ಪತ್ರೆಯ ವರಾಂಡದಲ್ಲಿ ಮಲಗುತ್ತಿದ್ದ.

ಸಹೋದರರೇ, ಹುಡುಗ ಇದನ್ನು ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ, ಚಾಪೆಯ ಅಂಚನ್ನು ಕೀಳುತ್ತಿದ್ದ. ಇದು ಬರೀ ಆಟ, ಮರೆತುಬಿಡು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಏಕೆಂದರೆ ಅವನು ಕೇಳಿದ ಪ್ರಶ್ನೆ ಹಕ್ಕುಲ್ ಇಬಾದ್‌ನ ಪ್ರಶ್ನೆ, ಅಂದರೆ ಮನುಷ್ಯರ ಹಕ್ಕಿನ ಪ್ರಶ್ನೆ. ಕೋಟೆ ಸುಳ್ಳು, ಸೈನ್ಯ ಸುಳ್ಳು. ಅವಮಾನಿತನಾದ ಹುಡುಗ ಸುಳ್ಳಲ್ಲ.

ಸೂರಃ ಅಲ್ ಹುಜುರಾತನ್ನು ಬಿಡಿಸಿ ನೋಡಿ. ಸುದ್ದಿ ಬಂದರೆ ಪರಿಶೀಲಿಸಬೇಕು, ತಿಳಿಯದೆ ಒಂದು ಗುಂಪಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುವಂತಾಗಬಾರದು ಎಂದು ಅಲ್ಲಿ ಕಲಿಸಲಾಗಿದೆ. ಅಪಹಾಸ್ಯ, ಕೆಟ್ಟ ಅಡ್ಡಹೆಸರು, ಗುಮಾನಿ, ಬೆನ್ನ ಹಿಂದಿನ ನಿಂದೆ ಎಲ್ಲವನ್ನೂ ಅಲ್ಲಿ ತಡೆಯಲಾಗಿದೆ. ಆ ಕ್ಲಾನಿನ ಚಾಟ್‌ನಲ್ಲಿ ಹತ್ತು ನಿಮಿಷದೊಳಗೆ ಇವೆಲ್ಲವೂ ನಡೆದವು, ಒಂದರ ಹಿಂದೆ ಒಂದು.

ತಬೂಕ್ ಯಾತ್ರೆಯ ಒಂದು ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಹಿಜರಿ 9ನೇ ವರ್ಷ. ಸುಡು ಬಿಸಿಲು, ದೂರದ ದಾರಿ. ಕಅಬ್ ಬಿನ್ ಮಾಲಿಕ್(ರ) ಹೊರಡಲಿಲ್ಲ. ತಬೂಕ್ ತಲುಪಿ ಜನರ ನಡುವೆ ಕೂತಿದ್ದಾಗ ಪ್ರವಾದಿವರ್ಯರು(ಸ) ಕಅಬ್ ಏನಾದರೆಂದು ವಿಚಾರಿಸಿದರು. ಸಾವಿರಾರು ಜನರ ನಡುವೆ ಬಾರದ ಒಬ್ಬನ ನೆನಪು! ಅಲ್ಲಿದ್ದ ಒಬ್ಬರು, ತನ್ನ ಒಳ್ಳೆಯ ಬಟ್ಟೆಯ ಮೋಹವೇ ಅವರನ್ನು ಹಿಡಿದಿಟ್ಟಿದೆ ಎಂಬರ್ಥದ ಮಾತಾಡಿದರು. ಮುಆದ್ ಬಿನ್ ಜಬಲ್(ರ) ಸುಮ್ಮನಿರಲಿಲ್ಲ. ನೀನು ಹೇಳಿದ್ದು ಕೆಟ್ಟ ಮಾತು, ಅವರ ಬಗ್ಗೆ ನಮಗೆ ಒಳ್ಳೆಯದಲ್ಲದೆ ಬೇರೇನೂ ತಿಳಿದಿಲ್ಲ ಎಂದು ಎದುರು ನಿಂತರು. ಪ್ರವಾದಿವರ್ಯರು(ಸ) ಮೌನವಾದರು. ಗಮನಿಸಿ, ಕಅಬ್‌ರ ಬಳಿ ನಿಜಕ್ಕೂ ನೆಪವಿರಲಿಲ್ಲ. ಅದನ್ನು ಅವರೇ ಬಂದು ಒಪ್ಪಿಕೊಂಡರು. ತಪ್ಪು ಮಾಡಿದವನ ಬೆನ್ನ ಹಿಂದೆಯೂ ಒಬ್ಬ ಮುಆದ್ ಬೇಕಿತ್ತು. ಹಾಗಾದರೆ ತಪ್ಪೇ ಮಾಡದೆ ಆಸ್ಪತ್ರೆಯಲ್ಲಿ ಕೂತವನಿಗೆ ಬೇಡವೇ? ಮೂವತ್ತಮೂರು ಜನರಲ್ಲಿ ಒಬ್ಬನಾದರೂ "ಅವನು ಹಾಗಿಲ್ಲ, ಏನೋ ಆಗಿರಬೇಕು" ಎಂದಿದ್ದರೆ ಸಾಕಿತ್ತು.

ಅವನನ್ನು ಹೊರಗೆ ಹಾಕಿದ ಮೇಲೆ ಕ್ಲಾನ್ ಗಟ್ಟಿಯಾಯಿತೇ ಎಂದು ಹುಡುಗನನ್ನು ಕೇಳಿದೆ. ಇಲ್ಲ. ತಿಂಗಳೊಳಗೆ ಒಂಬತ್ತು ಜನ ಉಳಿದರು. ಇಂದು ಅವನು, ನಾಳೆ ನಾನು ಎಂದು ಉಳಿದವರಿಗೆ ಅನಿಸಿತು. ಸೋಲಿನಿಂದ ಕೂಟ ಒಡೆಯಲಿಲ್ಲ. ಬಾರದವನನ್ನು ಯಾರೂ ವಿಚಾರಿಸದ ಕೂಟದಲ್ಲಿ ಇದ್ದು ಏನು ಪ್ರಯೋಜನ ಎಂದು ಒಬ್ಬೊಬ್ಬರಾಗಿ ಎದ್ದು ಹೋದರು.

ಇದಕ್ಕೆ ವ್ಯತಿರಿಕ್ತವಾದ ಒಂದು ಘಟನೆ ನಾರ್ವೆ ದೇಶದ್ದು. ಮ್ಯಾಟ್ಸ್ ಸ್ಟೀನ್ ಎಂಬ ಯುವಕ. ಡುಶೆನ್ ಎಂಬ ಸ್ನಾಯು ಕ್ಷಯಿಸುವ ಕಾಯಿಲೆ, ಗಾಲಿಕುರ್ಚಿಯಲ್ಲೇ ಬದುಕು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದಲ್ಲಿ ಅವನ ಹೆಸರು ಇಬೆಲಿನ್, ಅವನ ಗಿಲ್ಡ್‌ನ ಹೆಸರು ಸ್ಟಾರ್‌ಲೈಟ್. 2014ರ ನವೆಂಬರ್‌ನಲ್ಲಿ, 25ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ಮಗನಿಗೆ ಗೆಳೆಯರೇ ಇರಲಿಲ್ಲ ಎಂದು ತಂದೆತಾಯಿ ದುಃಖಿಸುತ್ತಿದ್ದರು. ಸಾವಿನ ಸುದ್ದಿಯನ್ನು ಇಂಟರ್ನೆಟ್‌ನಲ್ಲಿ ಹಾಕಿದಾಗ ಅವರು ಕೇಳಿರದ ಹೆಸರುಗಳಿಂದ ಒಂದರ ಹಿಂದೆ ಒಂದು ಪತ್ರ. ಬೇರೆ ಬೇರೆ ದೇಶಗಳಿಂದ ಗಿಲ್ಡ್‌ನ ಗೆಳೆಯರು ಅಂತ್ಯಕ್ರಿಯೆಗೆ ಬಂದರು. ಪ್ರಯಾಣದ ಖರ್ಚಿಗೆ ಇಲ್ಲದವರಿಗಾಗಿ ತಮ್ಮೊಳಗೆ ಹಣ ಕೂಡಿಸಿದ್ದರು. ಅವನ ಕುರಿತ ಸಾಕ್ಷ್ಯಚಿತ್ರ 2024ರಲ್ಲಿ ಬಂತು. ಆಟಿಸಂ ಇರುವ ಮಗನೊಂದಿಗೆ ಹೇಗೆ ಬೆರೆಯಬೇಕೆಂದು ತಿಳಿಯದ ಡೆನ್ಮಾರ್ಕಿನ ಒಬ್ಬ ತಾಯಿಗೆ ದಾರಿ ತೋರಿಸಿದವನು ಇವನು. ತನ್ನ ಕಾಯಿಲೆಯನ್ನು ಬಹುಕಾಲ ಅವರಿಂದ ಮುಚ್ಚಿಟ್ಟಿದ್ದ. ಆದರೂ ಗಂಟೆಗಟ್ಟಲೆ ಇನ್ನೊಬ್ಬರ ಕಷ್ಟ ಕೇಳುತ್ತಿದ್ದ. ಮುಸ್ಲಿಮೇತರರ ಈ ಕಥೆ ಉಸ್ತಾದರಿಗೆ ಯಾಕೆ ಎಂದು ಯಾರಾದರೂ ಕೇಳಬಹುದು. ರೋಗಿಯನ್ನು ವಿಚಾರಿಸುವುದು, ಜನಾಝಾದ ಹಿಂದೆ ಹೋಗುವುದು ನಮಗೆ ಕಲಿಸಲ್ಪಟ್ಟ ಪಾಠ. ತಮ್ಮ ಸೇವೆ ಮಾಡುತ್ತಿದ್ದ ಯಹೂದಿ ಬಾಲಕ ಕಾಯಿಲೆ ಬಿದ್ದಾಗ ಪ್ರವಾದಿವರ್ಯರು(ಸ) ಅವನ ಮನೆಗೆ ಹೋಗಿದ್ದರು. ಮಸೀದಿ ಗುಡಿಸುತ್ತಿದ್ದ ಒಬ್ಬ ಮಹಿಳೆ ಕಾಣದಾದಾಗ ವಿಚಾರಿಸಿದರು, ತೀರಿಕೊಂಡರೆಂದು ತಿಳಿದಾಗ ನನಗೇಕೆ ತಿಳಿಸಲಿಲ್ಲವೆಂದು ಕೇಳಿ ಅವರ ಖಬರ್‌ಗೆ ಹೋಗಿ ನಮಾಝ್ ಮಾಡಿದರು. ನಮ್ಮ ಪಾಠವನ್ನು ಇನ್ನೊಬ್ಬರು ಪಾಲಿಸಿದಾಗ ನಾಚಿಕೆಯಾದರೂ ಆಗಬೇಕು.

ಹಾಗೆಂದು ಎಲ್ಲ ಹುಡುಗರೂ ಇಂದೇ ಹೋಗಿ ಕ್ಲಾನ್ ಸೇರಿ ಎಂದು ಉಸ್ತಾದ್ ಹೇಳಿದರು ಅಂತ ಮನೆಯಲ್ಲಿ ಹೇಳಬೇಡಿ. ಹಣ ಪಣವಿಡುವ ಆಟ ಜೂಜು, ಅದರಲ್ಲಿ ಮಾತಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಕೂಡ ಅದನ್ನು ನಿಷೇಧಿಸಿದೆ. ಕುರ್‌ಆನ್ ಯಾವತ್ತೋ ನಿಷೇಧಿಸಿತ್ತು. ತಂದೆಯ ಫೋನಿನಿಂದ ಕೇಳದೆ ಜೆಮ್ಸ್ ಕೊಳ್ಳುವುದಕ್ಕೆ ಕನ್ನಡದಲ್ಲಿ ಕಳ್ಳತನ ಎನ್ನುತ್ತಾರೆ. ಇನ್ನು ನಮಾಝಿನ ಮಾತು. "ಯುದ್ಧ ನಡೀತಾ ಉಂಟು" ಎಂದು ಮಗ್ರಿಬ್ ಬಿಡುವವರಿದ್ದಾರಂತೆ. ನಾನು ಹುಡುಗನಿಂದ ಲೆಕ್ಕ ಕೇಳಿದೆ. ಯುದ್ಧದ ದಿನ ಇಪ್ಪತ್ತನಾಲ್ಕು ಗಂಟೆಯದು. ಒಂದು ದಾಳಿಗೆ ಹೆಚ್ಚೆಂದರೆ ಮೂರು ನಿಮಿಷ, ಎರಡಕ್ಕೆ ಆರು. ಆರು ನಿಮಿಷದ ಕೆಲಸಕ್ಕೆ ಮಗ್ರಿಬ್ ಹೊತ್ತೇ ಬೇಕೇ? ಹುಡುಗ ನಕ್ಕುಬಿಟ್ಟ.

ತಂದೆಯಂದಿರಿಗೆ ಒಂದು ಮಾತು, ಅದರಲ್ಲೂ ಗಲ್ಫ್‌ನಿಂದ ರಜೆಗೆ ಬಂದವರಿಗೆ. ಮಗ ರಾತ್ರಿ ಯಾರೊಂದಿಗೆ ಮಾತಾಡುತ್ತಾನೆಂದು ಬೈಯುವ ಮೊದಲು ಕೇಳಿ. ಹತ್ತು ನಿಮಿಷ ಪಕ್ಕದಲ್ಲಿ ಕೂತು ಅವನ ಕೂಟದಲ್ಲಿ ಯಾರಿದ್ದಾರೆ, ಯಾವ ಊರಿನವರು, ಎಂಥ ಮಾತಾಡುತ್ತಾರೆ ನೋಡಿ. ಸುಗಂಧ ಮಾರುವವನ ಸಹವಾಸಕ್ಕೂ ಕಮ್ಮಾರನ ಸಹವಾಸಕ್ಕೂ ಇರುವ ವ್ಯತ್ಯಾಸದ ಹದೀಸ್ ನಿಮಗೆಲ್ಲ ಗೊತ್ತು. ಫೋನ್ ಕಸಿದುಕೊಂಡರೆ ಕಮ್ಮಾರ ಹೋಗಬಹುದು, ಸುಗಂಧದವನೂ ಹೋಗುತ್ತಾನೆ. ಫೋಟೊ, ಓಟಿಪಿ, ಹಣ ಕೇಳುವವನು ಸಿಕ್ಕಿದರೆ ಹುಡುಗ ಮೊದಲು ನಿಮ್ಮ ಹತ್ತಿರ ಬರಬೇಕು. ಬೈಗುಳ ಮಾತ್ರ ಸಿಗುವ ಮನೆಯಲ್ಲಿ ಅವನು ಬರುವುದಿಲ್ಲ.

ಹುಡುಗನಿಗೆ ಏನು ಹೇಳಿದೆ ಎಂದರೆ, ಮಾಫಿ ಕೇಳಬೇಕು. ಮುಖ ನೋಡದಿದ್ದರೂ ಕೇಳಬೇಕು, ಅವನು ನಮ್ಮ ಧರ್ಮದವನಲ್ಲದಿದ್ದರೂ ಕೇಳಬೇಕು. ನಾಲ್ಕು ಜನರ ಎದುರು ಅವಮಾನ ಮಾಡಿದ್ದರಿಂದ ನಾಲ್ಕು ಜನರ ಎದುರೇ ಸರಿಪಡಿಸಬೇಕು. ಆಮೇಲೆ ಕೂಟ ಉಳಿಸುವ ಮಾತು. ಮೂವರು ಪ್ರಯಾಣ ಹೊರಟರೂ ಒಬ್ಬರನ್ನು ಅಮೀರ್ ಮಾಡಿಕೊಳ್ಳಿ ಎಂದು ನಮಗೆ ಕಲಿಸಲಾಗಿದೆ. ಅಮೀರ್ ಆಗಿರುವುದು ಹೊರಗೆ ಹಾಕುವ ಗುಂಡಿ ಕೈಯಲ್ಲಿದೆ ಎಂದಲ್ಲ, ಯಾರು ಬರಲಿಲ್ಲ ಎಂದು ಎಣಿಸುವುದಕ್ಕೆ. ಆ ಆಟದಲ್ಲಿ ಯುದ್ಧಕ್ಕೆ ಬರುತ್ತೇನೆ, ಬರುವುದಿಲ್ಲ ಎಂದು ಮೊದಲೇ ತಿಳಿಸುವ ಹಸಿರು, ಕೆಂಪು ಗುರುತು ಉಂಟಂತೆ. ಪರೀಕ್ಷೆ ಇರುವವನು ಕೆಂಪು ಮಾಡಲಿ, ಅದಕ್ಕೆ ಯಾರೂ ಗೇಲಿ ಮಾಡಬಾರದು. ಬರುತ್ತೇನೆ ಎಂದ ಮೇಲೆ ಬರಬೇಕು, ಅದು ವಾಗ್ದಾನ. ಎರಡು ದಿನ ಕಾಣದವನಿಗೆ ಒಬ್ಬ ಸಂದೇಶ ಕಳಿಸಬೇಕು. ಅಲ್ಪವಾದರೂ ನಿರಂತರವಾದ ಕರ್ಮ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಹದೀಸನ್ನು ನಾವು ನಫಿಲ್ ನಮಾಝಿಗೆ ಮಾತ್ರ ಹೇಳುತ್ತೇವೆ. ಗೆಳೆತನಕ್ಕೂ ಹೇಳಬಹುದು.

ಕಳೆದ ಮಂಗಳವಾರ ಅಸರ್ ಬಳಿಕ ಹುಡುಗ ಮತ್ತೆ ಬಂದ. ಕ್ಲಾನಿನ ಚಾಟ್‌ನಲ್ಲಿ ಎಲ್ಲರಿಗೂ ಕಾಣುವಂತೆ ತನ್ನ ತಪ್ಪನ್ನು ಬರೆದಿದ್ದಾನೆ. ಊರಿನ ಗೆಳೆಯನ ಮೂಲಕ ಅವನಿಗೂ ಸಂದೇಶ ಕಳಿಸಿದ್ದಾನೆ. ಎರಡು ದಿನ ಉತ್ತರವಿರಲಿಲ್ಲ. ಮೂರನೇ ದಿನ ಬಂತು. ಹುಡುಗ ಫೋನ್ ತೆಗೆದು ನನಗೆ ತೋರಿಸಿದ: "ಅಪ್ಪ ಈಗ ಕೋಲು ಹಿಡಿದು ನಾಲ್ಕು ಹೆಜ್ಜೆ ನಡೀತಾರೆ. ಸದ್ಯಕ್ಕೆ ಆಟಕ್ಕೆ ಬರೋಕಾಗಲ್ಲ ಕಣೋ."

"ಅವನ ಜಾಗ ಹಾಗೇ ಇಟ್ಟಿದ್ದೇವೆ ಉಸ್ತಾದ್" ಎಂದ. ಐವತ್ತರಲ್ಲಿ ಒಂಬತ್ತೇ ಜನ, ಜಾಗಕ್ಕೇನು ಬರ ಎಂದು ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ. "ಅಪ್ಪನಿಗಾಗಿ ದುಆ ಮಾಡಿ ಉಸ್ತಾದ್" ಎಂದ.

ಎಲ್ಲರೂ ಕೈ ಎತ್ತಿ. ಯಾ ಅಲ್ಲಾಹ್, ನಾವು ಹೆಸರರಿಯದ ಆ ತಂದೆಗೆ ಶಿಫಾ ನೀಡು. ಅವರ ಕಾಲಿಗೆ ಶಕ್ತಿ ಕೊಡು, ಆಸ್ಪತ್ರೆಯ ಸಾಲದಿಂದ ಆ ಮನೆಯನ್ನು ಪಾರು ಮಾಡು. ಆಮೀನ್.